ತಂದಾಗ ಮೈತುಂಬ ಹೂ, ಆಮೇಲೆ ಬರೀ ಎಲೆ

ಪ್ರಶ್ನೆ: ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಬರುವಾಗ ಐದು ಗಿಡ ಕೊಂಡು ತಂದೆ: ಪೆಟೂನಿಯಾ, ಸೇವಂತಿಗೆ, ದಾಸವಾಳ, ದುಂಡುಮಲ್ಲಿಗೆ, ಕನಕಾಂಬರ. ನಮ್ಮದು ಮೂರನೇ ಮಹಡಿ, ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿ. ಮಾರ್ಚ್‌ವರೆಗೂ ನೋಡಿದವರೆಲ್ಲ ಹೊಗಳುವ ಹಾಗಿತ್ತು. ಈಗ ಜೂನ್. ಪೆಟೂನಿಯಾ ಒಣಗಿಹೋಯಿತು. ಸೇವಂತಿಗೆ, ದಾಸವಾಳ, ಮಲ್ಲಿಗೆ ಮೂರೂ ಹಸಿರಾಗಿ ಬೆಳೆದಿವೆ, ಹೂ ಮಾತ್ರ ಇಲ್ಲ. ಕನಕಾಂಬರ ಒಂದೆರಡು ತೆನೆ ಬಿಡುತ್ತಿದೆ. ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕುತ್ತೇನೆ. ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಚಿಪ್ಪಿನ ಪುಡಿಯನ್ನೂ ಹಾಕಿದ್ದಾಯಿತು. ನನ್ನ ಕೈಗುಣವೇ ಸರಿಯಿಲ್ಲವೇ?
– ಓದುಗರೊಬ್ಬರು, ಬೆಂಗಳೂರು

ನಿಮ್ಮ ಕೈಗುಣಕ್ಕೆ ಏನೂ ಆಗಿಲ್ಲ. ಬದಲಾದದ್ದು ನಿಮ್ಮ ಬಾಲ್ಕನಿ. ರೇಲಿಂಗು, ಟೈಲ್ಸು, ಕುಂಡಗಳ ಸಾಲು ಎಲ್ಲ ಇದ್ದಲ್ಲೇ ಇವೆ, ನಿಜ. ಸೂರ್ಯ ಮಾತ್ರ ಅಲ್ಲಿಂದ ಎದ್ದು ಹೋಗಿ ಒಂದೂವರೆ ತಿಂಗಳಾಯಿತು.

ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಗೆ ಬರುವುದಿಲ್ಲ. ದಕ್ಷಿಣಕ್ಕೆ ವಾಲಿ, ದಿಗಂತದಿಂದ 53–54 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ನಿಮ್ಮ ಬಾಲ್ಕನಿಯ ಮೇಲಿನ ಸ್ಲ್ಯಾಬು ನೆಲದಿಂದ ಒಂಬತ್ತು ಅಡಿ ಎತ್ತರದಲ್ಲಿದೆ ಎಂದು ಇಟ್ಟುಕೊಳ್ಳೋಣ. ಆಗ ಬಿಸಿಲು ಸ್ಲ್ಯಾಬಿನ ಅಂಚಿನಿಂದ ಒಳಕ್ಕೆ ಆರೂವರೆ ಅಡಿಯಷ್ಟು ಬೀಳುತ್ತದೆ. ಅಂದರೆ ಬಾಲ್ಕನಿ ಪೂರ್ತಿ ಬಿಸಿಲು, ಹಜಾರದ ಬಾಗಿಲ ತನಕ ಬಿಸಿಲು. ಮಾರ್ಚ್ 21ರ ಹೊತ್ತಿಗೆ ಸೂರ್ಯ 77 ಡಿಗ್ರಿಗೆ ಏರಿರುತ್ತಾನೆ. ಬಿಸಿಲಿನ ಪಟ್ಟಿ ಎರಡು ಅಡಿಗೆ ಕುಗ್ಗಿರುತ್ತದೆ. ಏಪ್ರಿಲ್ 24–25ಕ್ಕೆ ಅವನು ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಶಾಲೆಯ ಮಕ್ಕಳು ಅಂಗಳದಲ್ಲಿ ಕೋಲು ನಿಲ್ಲಿಸಿ ನೆರಳು ಮಾಯವಾಗುವುದನ್ನು ನೋಡುವ ಶೂನ್ಯ ನೆರಳಿನ ದಿನ ಅದು. ಮರುದಿನದಿಂದ ಸೂರ್ಯನ ದಾರಿ ಉತ್ತರದ ಕಡೆಗೆ ಸರಿಯುತ್ತದೆ, ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಗೆ ಬರುವವರೆಗೂ ಅಲ್ಲೇ ಇರುತ್ತದೆ. ಈ ನಡುವೆ ಹುಟ್ಟುವುದೂ ಪೂರ್ವದಿಂದ ತುಸು ಉತ್ತರಕ್ಕೆ, ಮುಳುಗುವುದೂ ಪಶ್ಚಿಮದಿಂದ ತುಸು ಉತ್ತರಕ್ಕೆ. ಹೀಗಾಗಿ ಸುಮಾರು ನಾಲ್ಕು ತಿಂಗಳ ಕಾಲ ನಿಮ್ಮ ದಕ್ಷಿಣದ ಬಾಲ್ಕನಿಗೆ ಬೆಳಿಗ್ಗೆಯಾಗಲಿ ಮಧ್ಯಾಹ್ನವಾಗಲಿ ಸಂಜೆಯಾಗಲಿ ನೇರ ಬಿಸಿಲು ಒಂದು ನಿಮಿಷವೂ ಬೀಳುವುದಿಲ್ಲ.

ಮನೆಯೊಳಗಿನವರಿಗೆ ಇದು ಗೊತ್ತಾಗುವುದೇ ಇಲ್ಲ. ಬೆಳಕೇನೋ ಧಾರಾಳವಾಗಿ ಇದ್ದಂತೆ ಕಾಣುತ್ತದೆ, ಲೈಟ್ ಹಾಕದೆ ಪೇಪರ್ ಓದಬಹುದು. ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಹೊಂದಿಕೊಳ್ಳುತ್ತದೆ, ಎಲೆಗೆ ಅಂಥ ಸೌಕರ್ಯವಿಲ್ಲ. ಬಟಾಬಯಲಿನ ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಆಕಾಶ ಕಾಣುವ ಒಳ್ಳೆಯ ನೆರಳಿನಲ್ಲಿ ಅದರ ಹತ್ತನೇ ಒಂದು ಪಾಲು ಸಿಕ್ಕರೆ ಹೆಚ್ಚು. ಕೋಣೆಯ ಒಳಗೆ ಕೆಲವು ನೂರು. ದಾಸವಾಳ, ಮಲ್ಲಿಗೆ, ಗುಲಾಬಿ, ಕಾಗದದ ಹೂವಿನ ಗಿಡಗಳಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಅದು ಸಿಗದಿದ್ದರೆ ಗಿಡ ಸಾಯುವುದಿಲ್ಲ. ಇರುವ ಬೆಳಕಿನಲ್ಲಿ ತಯಾರಾದ ಸಕ್ಕರೆಯನ್ನು ಎಲೆ, ಬೇರುಗಳ ಮೇಲೆ ಖರ್ಚು ಮಾಡಿ, ಮೊದಲು ಕೈಬಿಡುವುದು ಮೊಗ್ಗನ್ನು. ಜೊತೆಗೆ ಹೆಚ್ಚು ಬೆಳಕು ಹಿಡಿಯಲೆಂದು ಎಲೆಯನ್ನು ಅಗಲ ಮಾಡುತ್ತದೆ, ಗೆಣ್ಣಿನಿಂದ ಗೆಣ್ಣಿಗೆ ದೂರ ಹೆಚ್ಚಿಸುತ್ತದೆ. ನೀವು ‘ಹಸಿರಾಗಿ ಬೆಳೆದಿವೆ’ ಎಂದು ಬರೆದಿರುವುದು ಬಹುಪಾಲು ಈ ಬೆಳವಣಿಗೆಯೇ.

ಉತ್ತರದ ಬಾಲ್ಕನಿಯವರು ಇದನ್ನು ಓದಿ ಖುಷಿಪಡುವ ಮುನ್ನ ಒಂದು ಮಾತು. ಅವರಿಗೆ ಬಿಸಿಲು ಬರುವುದು ಇದೇ ತಿಂಗಳುಗಳಲ್ಲಿ, ನಿಜ. ಮೇ ತಿಂಗಳು ಚೆನ್ನಾಗಿಯೇ ಸಿಗುತ್ತದೆ. ಜೂನ್ ಬಂತೆಂದರೆ ಮುಂಗಾರಿನ ಮೋಡ ಅದನ್ನು ಕಸಿದುಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಮೇ ಮೊದಲ ವಾರ, ಕಲಬುರಗಿಯಲ್ಲಿ ಎರಡನೇ ವಾರ. ಅಲ್ಲಿನವರು ಲೆಕ್ಕವನ್ನು ಅಷ್ಟು ಮುಂದಕ್ಕೆ ಸರಿಸಿಕೊಳ್ಳಬೇಕು. ಎದುರಿಗೆ ಐದು ಮಹಡಿಯ ಕಟ್ಟಡ ಎದ್ದಿದ್ದರೆ ಈ ಯಾವ ಲೆಕ್ಕವೂ ನಡೆಯದು, ಅದು ಬೇರೆ ಕಥೆ.

ಬಿಸಿಲು ಹೋದ ಮೇಲೆ ನೀವು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಗೊಬ್ಬರ ಹೆಚ್ಚಿಸಿದಿರಿ. ಕಡಲೆಕಾಯಿ ಹಿಂಡಿ ಒಳ್ಳೆಯ ಗೊಬ್ಬರ, ಅದರಲ್ಲಿ ಅನುಮಾನವಿಲ್ಲ. ಅದರಲ್ಲಿರುವುದು ಮುಖ್ಯವಾಗಿ ಸಾರಜನಕ. ನೂರಕ್ಕೆ ಸುಮಾರು ಏಳು ಪಾಲು ಅದಾದರೆ, ರಂಜಕ ಮತ್ತು ಪೊಟ್ಯಾಷ್ ಒಂದೊಂದೂವರೆ ಪಾಲು. ಸಾರಜನಕ ಎಲೆ, ಕಾಂಡಗಳ ಆಹಾರ. ಬಿಸಿಲಿನಲ್ಲಿ ನಿಂತು ವಾರಕ್ಕೆ ಗೇಣುದ್ದ ಕುಡಿ ಹಾಕುವ ಗುಲಾಬಿಗೆ ಅದು ಬೇಕು. ನೆರಳಿಗೆ ಬಿದ್ದ ಗಿಡಕ್ಕೆ ಹಾಕಿದರೆ ಎಲೆ ಇನ್ನಷ್ಟು ಕಪ್ಪುಹಸಿರಾಗಿ, ಮೆತ್ತಗೆ ಬೆಳೆಯುತ್ತದೆ. ಆ ಮೆತ್ತನೆಯ ಕುಡಿಗೆ ಹೇನು, ಹಿಟ್ಟು ತಿಗಣೆ ಮುತ್ತುತ್ತವೆ. ದಾಸವಾಳದ ಎಲೆಸಂದಿಯಲ್ಲಿ ಹತ್ತಿಯ ಹಾಗೆ ಬಿಳಿ ಕಂಡಿದೆಯೇ ಒಮ್ಮೆ ನೋಡಿ. ಕಂಡಿದ್ದರೆ ಮೊದಲು ಜೋರು ನೀರಿನಲ್ಲಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ನಾಲ್ಕೈದು ಮಿಲಿ ಬೇವಿನೆಣ್ಣೆ, ಎರಡು ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ.

ಬಾಳೆಹಣ್ಣಿನ ಸಿಪ್ಪೆಯಲ್ಲಿ ಪೊಟ್ಯಾಷ್ ಇದೆ ಎಂಬುದು ಸುಳ್ಳಲ್ಲ. ಆದರೆ ಸಿಪ್ಪೆಯ ಬಹುಪಾಲು ನೀರು. ಒಂದೆರಡು ಸಿಪ್ಪೆ ನೆನೆಸಿ ಬರುವ ಪೊಟ್ಯಾಷ್ ಗಿಡದ ಲೆಕ್ಕಕ್ಕೆ ಬರುವಷ್ಟಲ್ಲ, ಹಣ್ಣುನೊಣ ಮಾತ್ರ ಗ್ಯಾರಂಟಿ. ಕಾಂಪೋಸ್ಟ್ ಡಬ್ಬಕ್ಕೆ ಹಾಕಿ. ಮೊಟ್ಟೆ ಚಿಪ್ಪಿನ ಬಗ್ಗೆ ಇನ್ನೂ ಕಟುವಾಗಿ ಹೇಳಬೇಕು. ಅದು ಸುಣ್ಣದ ಕಲ್ಲೇ. ನಿಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು ಬರುತ್ತಿದ್ದರೆ ಸುಣ್ಣ ದಿನಾ ಕುಂಡಕ್ಕೆ ಬೀಳುತ್ತಲೇ ಇದೆ. ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಪೊರೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಂಡರೆ ಬೇರೆ ಪರೀಕ್ಷೆ ಬೇಡ. ಸುಣ್ಣ ಹೆಚ್ಚಿದಂತೆ ಮಣ್ಣು ಕ್ಷಾರದ ಕಡೆಗೆ ವಾಲುತ್ತದೆ, ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕದಂತಾಗುತ್ತದೆ. ಹೊಸ ಎಲೆ ಹಳದಿ, ಅದರ ನರಗಳು ಮಾತ್ರ ಹಸಿರು – ಇದು ಅದರ ಗುರುತು. ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಅಲ್ಲಿ ಗುಡ್ಡದ ಮೇಲೆ ಯಾರ ಆರೈಕೆಯೂ ಇಲ್ಲದೆ ಕೆಂಪಗೆ ಅರಳುವ ಕೇಪಳ, ಬೆಂಗಳೂರಿನ ಬಾಲ್ಕನಿಯಲ್ಲಿ ಹಳದಿ ತಿರುಗಿ ಕೊರಗುವುದು ಹೆಚ್ಚಾಗಿ ಈ ಕಾರಣಕ್ಕೆ. ಹೈಡ್ರಾಂಜಿಯಾ ಇನ್ನೂ ಒಂದು ಹೆಜ್ಜೆ ಮುಂದೆ: ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಗುವುದರಿಂದ ಹೂ ನೀಲಿ, ಸುಣ್ಣದ ಮಣ್ಣಿನಲ್ಲಿ ಗುಲಾಬಿ. ಈಗ ಮಳೆಗಾಲ. ರೇಲಿಂಗಿನ ಹೊರಗೆ ಒಂದು ಬಕೆಟ್ ಭದ್ರವಾಗಿ ಕಟ್ಟಿ ಮಳೆನೀರು ಹಿಡಿದು ಹಾಕಿದರೆ ಯಾವ ಟಾನಿಕ್ಕೂ ಬೇಡ.

ಇನ್ನು ನಿಮ್ಮ ಐದು ಗಿಡಗಳ ಕಡೆ ಬರೋಣ. ಅವುಗಳದು ಒಂದೇ ರೋಗವಲ್ಲ. ಪೆಟೂನಿಯಾದ್ದಂತೂ ರೋಗವೇ ಅಲ್ಲ.

ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನೀವು ನೋಡಿದ ಹೂರಾಶಿಯ ಬಹುಪಾಲು ಕುಂಡದಲ್ಲಿ ಬೆಳೆದದ್ದು. ತಿಂಗಳುಗಟ್ಟಲೆ ಮೊದಲೇ ಬಿತ್ತಿ, ಸಸಿ ಕಿತ್ತು ನೆಟ್ಟು, ಕುಡಿ ಚಿವುಟಿ, ಗಣರಾಜ್ಯೋತ್ಸವದ ವಾರಕ್ಕೆ ಸರಿಯಾಗಿ ಅರಳುವ ಹಾಗೆ ಹೊಂಚಿ ತಂದು ಜೋಡಿಸಿದ್ದು. ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್, ಪ್ಯಾನ್ಸಿ ಇವೆಲ್ಲ ನಮ್ಮಲ್ಲಿ ಚಳಿಗಾಲದ ಹೂಗಳು. ಅಕ್ಟೋಬರ್‌ನಲ್ಲಿ ಬಿತ್ತಿದರೆ ಜನವರಿಗೆ ತುಂಬಿ ಅರಳಿ, ಏಪ್ರಿಲ್ ಬಿಸಿಗೆ ಮುಗಿಯುತ್ತವೆ. ನರ್ಸರಿಯಲ್ಲಿ ಹೂ ನೋಡಿ ಕೊಂಡಾಗ ಗಿಡದ ಆಯುಷ್ಯದ ಅರ್ಧಕ್ಕಿಂತ ಹೆಚ್ಚು ಕಳೆದಿರುತ್ತದೆ. ನಿಮ್ಮದು ಮಾರ್ಚ್‌ವರೆಗೆ ಬಂದಿದೆ ಎಂದರೆ ಚೆನ್ನಾಗಿಯೇ ನೋಡಿಕೊಂಡಿದ್ದೀರಿ. ಬಾಡಿದ ಹೂವನ್ನು ತೊಟ್ಟಿನ ಸಮೇತ, ಬೀಜ ಕಟ್ಟುವ ಮೊದಲೇ ಚಿವುಟುತ್ತ ಬಂದಿದ್ದರೆ ಇನ್ನೂ ಕೆಲವು ವಾರ ಎಳೆಯಬಹುದಿತ್ತು. ದಳ ಮಾತ್ರ ಕಿತ್ತರೆ ಸಾಲದು, ಬುಡದ ಪುಟ್ಟ ಹಸಿರು ಬುರುಡೆಯೂ ಹೋಗಬೇಕು. ಪೆಟೂನಿಯಾವನ್ನು ಕೊಂಡು ತಂದು ಮುಗಿದ ಮೇಲೆ ಎಸೆಯುವುದರಲ್ಲಿ ತಪ್ಪೇನೂ ಇಲ್ಲ. ಗಾಂಧಿಬಜಾರಿನಲ್ಲಿ ಮಾರು ಹೂ ಕೊಳ್ಳುವಾಗ ಯಾರೂ ಇದು ಮುಂದಿನ ವರ್ಷ ಬರುತ್ತದೆಯೇ ಎಂದು ಕೇಳುವುದಿಲ್ಲವಲ್ಲ.

ಸೇವಂತಿಗೆಯ ಲೆಕ್ಕವೇ ಬೇರೆ, ಮತ್ತು ನನಗೆ ಬಲು ಇಷ್ಟವಾದ ಲೆಕ್ಕ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೋದವರು ಹೊಲದ ತುಂಬ ಬಲ್ಬುಗಳು ಉರಿಯುವುದನ್ನು ಕಂಡು ಮದುವೆಯ ಮನೆಯೇನೋ ಅಂದುಕೊಂಡಿರಬಹುದು. ಅದು ಸೇವಂತಿಗೆ ತೋಟ. ಹಗಲು ಕುಗ್ಗಿ ಇರುಳು ಹಿಗ್ಗಿದಾಗ ಮೊಗ್ಗು ಕಟ್ಟುವ ಜಾತಿ ಅದು. ರೈತರು ನಾಟಿ ಮಾಡಿದ ಮೇಲೆ ಸುಮ್ಮನೆ ಬಿಟ್ಟರೆ ಗಿಡ ಗೇಣುದ್ದ ಇರುವಾಗಲೇ ಮೊಗ್ಗಾಗಿ ಇಳುವರಿ ಕೈಕೊಡುತ್ತದೆ. ಆದ್ದರಿಂದ ಕೆಲವು ವಾರ ರಾತ್ರಿ ದೀಪ ಹಚ್ಚಿ ಇರುಳನ್ನು ಕತ್ತರಿಸುತ್ತಾರೆ. ಗಿಡ ಹಗಲು ಇನ್ನೂ ಉದ್ದ ಇದೆ ಎಂದುಕೊಂಡು ಕೊಂಬೆ ಹಾಕುತ್ತ ಹೋಗುತ್ತದೆ. ಹಬ್ಬದ ಪೇಟೆಗೆ ಇಷ್ಟು ದಿನ ಎಂದು ಎಣಿಸಿ ದೀಪ ಆರಿಸಿದರೆ ತೋಟವೆಲ್ಲ ಒಟ್ಟಿಗೆ ಮೊಗ್ಗಾಗುತ್ತದೆ. ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ನಂಟನ್ನು 1920ರಲ್ಲಿ ಪ್ರಕಟಿಸಿದವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್. ಅವರ ಕೈಗೆ ಸಿಕ್ಕಿದ್ದು ಎಷ್ಟೆತ್ತರ ಬೆಳೆದರೂ ಬೇಸಿಗೆಯಲ್ಲಿ ಹೂ ಬಿಡದ ಒಂದು ಹೊಗೆಸೊಪ್ಪಿನ ತಳಿ. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು ಎಂದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ತೋರಿಸಿದರು, ಅದೂ ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಒಂದು ಕಳೆಗಿಡದಲ್ಲಿ.

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಸುಮಾರು 12 ಗಂಟೆ 50 ನಿಮಿಷ, ಅತಿ ಚಿಕ್ಕದು 11 ಗಂಟೆ 20 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ಇಷ್ಟು ಸಣ್ಣ ವ್ಯತ್ಯಾಸವನ್ನು ಓದಿಕೊಂಡು ಬದುಕುವ ಗಿಡದ ಪಕ್ಕ ನಾವು ಬಾಲ್ಕನಿ ದೀಪವನ್ನು ರಾತ್ರಿ ಹನ್ನೊಂದರವರೆಗೆ ಉರಿಸುತ್ತೇವೆ, ಎದುರಿಗೆ ಬೀದಿದೀಪ ಬೆಳಗಿನವರೆಗೂ ಉರಿಯುತ್ತದೆ. ಚಿಕ್ಕಬಳ್ಳಾಪುರದ ರೈತ ಕರೆಂಟಿಗೆ ದುಡ್ಡು ಸುರಿದು ಮಾಡುವ ಕೆಲಸ ಇಲ್ಲಿ ಪುಕ್ಕಟೆ ಆಗಿಹೋಗುತ್ತದೆ. ನಿಮ್ಮ ಸೇವಂತಿಗೆ ಈಗ ಹೂ ಬಿಡದಿರುವುದು ಸಹಜ. ಜನವರಿಯ ಹೂ ಮುಗಿದ ಮೇಲೆ ಹಳೆಯ ಕಡ್ಡಿ ಒಣಗಿ ಬುಡದಿಂದ ಹೊಸ ಕಂದು ಎದ್ದಿರುತ್ತವೆ. ಒಣಗಿದ್ದನ್ನು ಕತ್ತರಿಸಿ, ಒಳ್ಳೆಯ ಮೂರು ನಾಲ್ಕು ಕಂದುಗಳನ್ನು ಬೇರಿನ ಸಮೇತ ಬಿಡಿಸಿ ಹೊಸ ಮಣ್ಣಿಗೆ ನೆಡಿ. ಬಿಸಿಲು ಬೀಳುವ ಕಡೆ ಇಟ್ಟು ಆಗಸ್ಟ್‌ವರೆಗೆ ತುದಿ ಚಿವುಟುತ್ತ ಬನ್ನಿ, ಪೊದೆಯಾಗುತ್ತದೆ. ಸೆಪ್ಟೆಂಬರ್‌ನಿಂದ ಚಿವುಟಬೇಡಿ, ಸಂಜೆಯ ನಂತರ ಅದರ ಮೇಲೆ ದೀಪದ ಬೆಳಕು ಬೀಳದ ಮೂಲೆಯಲ್ಲಿಡಿ. ಒಂದು ಎಚ್ಚರಿಕೆ: ಕೊಂಡಾಗ ಅದು ಅಂಗೈ ಅಗಲಕ್ಕೆ ಮುದ್ದಾಗಿ ಗುಂಡಗಿತ್ತು, ಈ ಸಲ ಮೊಣಕಾಲುದ್ದ ಬೆಳೆಯಬಹುದು. ಮಾರಾಟದ ಕುಂಡದ ಗಿಡಗಳಿಗೆ ಎತ್ತರ ಬೆಳೆಯದಂತೆ ತಡೆಯುವ ರಾಸಾಯನಿಕ ಕೊಡುವುದುಂಟು. ಮಾವು ಬೆಳೆಗಾರರು ಬಳಸುವ ಪ್ಯಾಕ್ಲೋಬ್ಯುಟ್ರಜಾಲ್ ಅಂಥದ್ದೇ ಒಂದು. ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ಹುಟ್ಟುಗುಣಕ್ಕೆ ಮರಳುತ್ತದೆ. ಒಂದು ಕಡ್ಡಿ ಊರುಗೋಲು ಕೊಡಿ, ಸಾಕು.

ಮಲ್ಲಿಗೆ, ದಾಸವಾಳ ಎರಡಕ್ಕೂ ಒಂದು ಸ್ವಭಾವ ಸಮಾನ: ಹೂ ಬರುವುದು ಹೊಸ ಕುಡಿಯಲ್ಲಿ. ದುಂಡುಮಲ್ಲಿಗೆಗೆ ಹೊಸ ಚಿಗುರಿನ ತುದಿಯಲ್ಲಿ, ದಾಸವಾಳಕ್ಕೆ ಹೊಸ ಎಲೆಗಳ ಸಂದಿಯಲ್ಲಿ. ಕತ್ತರಿ ಹಾಕಲು ಮನಸ್ಸು ಬಾರದೆ ಬಿಟ್ಟ ಗಿಡ ಉದ್ದವಾಗುತ್ತ, ಬುಡ ಬರಿದಾಗುತ್ತ ಹೋಗಿ ಕೊನೆಗೆ ತುದಿಯಲ್ಲಿ ಒಂದೆರಡು ಹೂ ತೋರಿಸುತ್ತದೆ. ಮಲ್ಲಿಗೆ ಬೆಳೆಗಾರರು ಡಿಸೆಂಬರ್, ಜನವರಿಯ ಹೊತ್ತಿಗೆ ನೀರು ಕಡಿಮೆ ಮಾಡಿ, ಎಲೆ ಉದುರಿಸಿ, ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ, ಆಮೇಲೆ ಗೊಬ್ಬರ ನೀರು ಕೊಡುತ್ತಾರೆ. ಮಾರ್ಚ್‌ನಿಂದ ಸುಗ್ಗಿ. ಉಡುಪಿ, ಮಂಗಳೂರಿನ ಕಡೆ ತಾರಸಿಯ ಮೇಲೆ ಕುಂಡಗಳಲ್ಲೇ ಶಂಕರಪುರ ಮಲ್ಲಿಗೆ ಬೆಳೆದು ಅಟ್ಟೆ ಲೆಕ್ಕದಲ್ಲಿ ಮಾರುವವರಿದ್ದಾರೆ, ಆದ್ದರಿಂದ ಕುಂಡ ಚಿಕ್ಕದು ಎಂಬ ನೆಪ ಮಲ್ಲಿಗೆಯ ಮಟ್ಟಿಗೆ ನಡೆಯುವುದಿಲ್ಲ. ತಾರಸಿ ಎಂಬ ಮಾತನ್ನು ಮಾತ್ರ ಗಮನಿಸಿ. ಅಲ್ಲಿ ದಿನವಿಡೀ ಬಿಸಿಲು. ನಿಮ್ಮ ಮಲ್ಲಿಗೆ ಮಾರ್ಚ್‌ನಲ್ಲಿ ಹೂ ಬಿಟ್ಟಿದ್ದರೆ ಅದು ನರ್ಸರಿಯವರು ಸವರಿದ ಫಲ. ಮೇ ಹೊತ್ತಿಗೆ ಒಮ್ಮೆ ತುದಿ ಕತ್ತರಿಸಿ ಬಿಸಿಲಿಗಿಟ್ಟಿದ್ದರೆ ಎರಡನೇ ಸರದಿ ಬರುತ್ತಿತ್ತು.

ದಾಸವಾಳಕ್ಕೆ ಬಿಸಿಲಿನ ಜೊತೆಗೆ ಇನ್ನೊಂದು ಕಷ್ಟ ಇರುವ ಸಾಧ್ಯತೆ ಹೆಚ್ಚು, ಅದು ಮಣ್ಣಿನೊಳಗೆ. ಬೆಂಗಳೂರಿನ ನರ್ಸರಿಗಳಿಗೆ ಬರುವ ಎಷ್ಟೋ ಗಿಡಗಳು ಇಲ್ಲಿ ಹುಟ್ಟಿದವಲ್ಲ. ಆಂಧ್ರದ ಗೋದಾವರಿ ದಂಡೆಯ ಕಡಿಯಂ ಸುತ್ತಮುತ್ತಲಿನ ನರ್ಸರಿಗಳಿಂದ ಲಾರಿಗಟ್ಟಲೆ ಬರುತ್ತವೆ. ಲಾರಿಯಲ್ಲಿ ಉದುರದಿರಲೆಂದು ಬೇರಿನ ಸುತ್ತ ಜಿಗಟು ಮಣ್ಣಿನ ಹೆಂಟೆ ಕಟ್ಟಿರುತ್ತಾರೆ. ನೀವು ಮನೆಗೆ ತಂದು ಆ ಹೆಂಟೆಯನ್ನು ಹಾಗೇ ದೊಡ್ಡ ಕುಂಡದಲ್ಲಿಟ್ಟು ಸುತ್ತ ಹಗುರಾದ ಕೊಕೊಪೀಟ್ ಮಿಶ್ರಣ ತುಂಬುತ್ತೀರಿ. ಹಾಕಿದ ನೀರು ಹಗುರ ಮಣ್ಣಿನಲ್ಲಿ ಹಾದುಹೋಗುತ್ತದೆ. ನಡುವಿನ ಹೆಂಟೆ ಒಮ್ಮೆ ಒಣಗಿದರೆ ಕಲ್ಲಿನಂತಾಗಿ ನೀರು ಕುಡಿಯದು, ನೆನೆದರೆ ವಾರಗಟ್ಟಲೆ ಆರದು. ಮೇಲೆ ಮುಟ್ಟಿ ನೋಡಿದರೆ ಒದ್ದೆ, ಬೇರಿಗೆ ಬರಗಾಲ. ಅಥವಾ ಅದರ ತಿರುವುಮುರುವು. ದಾಸವಾಳ ಮೊಗ್ಗಾಗಿ ಹಳದಿ ತಿರುಗಿ ಉದುರುವುದಕ್ಕೆ ನೀರಿನ ಈ ಏರುಪೇರು ಒಂದು ದೊಡ್ಡ ಕಾರಣ. ಪರಿಹಾರ ಸುಲಭ, ಧೈರ್ಯ ಬೇಕು ಅಷ್ಟೆ. ಮಳೆ ಹಿಡಿದ ಒಂದು ದಿನ ಗಿಡವನ್ನು ಕುಂಡದಿಂದ ತೆಗೆದು ಬಕೆಟ್ ನೀರಿನಲ್ಲಿ ಒಂದು ಗಂಟೆ ಬಿಡಿ. ಹೆಂಟೆ ಮೆತ್ತಗಾದ ಮೇಲೆ ಬೆರಳಿನಿಂದ ಸುತ್ತಲಿನ ಅರ್ಧದಷ್ಟು ಮಣ್ಣು ಸಡಿಲಿಸಿ ಬಿಡಿಸಿ; ಸುರುಳಿ ಸುತ್ತಿದ ಬೇರನ್ನು ನೇರ ಮಾಡಿ, ಆಗದಿದ್ದರೆ ಕತ್ತರಿಸಿ. ಕೊಂಬೆಯನ್ನೂ ಮೂರನೇ ಒಂದು ಪಾಲು ಸವರಿ, ಬೇರು ಕಡಿಮೆಯಾದಷ್ಟು ಎಲೆಯೂ ಕಡಿಮೆಯಾಗಲಿ. ಒಂದೆರಡು ವಾರ ಜೋಲು ಮುಖ ಹಾಕುತ್ತದೆ, ಆಮೇಲೆ ಚಿಗುರುತ್ತದೆ.

ಕುಂಡದ ತಳಕ್ಕೆ ಹೆಂಚಿನ ಚೂರು, ಜಲ್ಲಿಕಲ್ಲು ಒಂದು ಪದರ ಹಾಕಬೇಕು ಎಂದು ನೀವು ಕೇಳಿರುತ್ತೀರಿ. ಅಜ್ಜಿಯ ಕಾಲದಿಂದ ಬಂದ ಮಾತು. ಆದರೆ ಫಲ ಉಲ್ಟಾ. ಪಾತ್ರೆ ತೊಳೆಯುವ ಸ್ಪಾಂಜನ್ನು ನೀರಿನಲ್ಲಿ ಅದ್ದಿ ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ, ಮತ್ತೆ ನೀರು ಸುರಿಯುತ್ತದೆ. ಸ್ಪಾಂಜು ಅದೇ, ಎತ್ತರ ಮಾತ್ರ ಬೇರೆ. ಮಣ್ಣೂ ಹೀಗೆಯೇ ತನ್ನ ತಳದ ಕೆಲವು ಅಂಗುಲದಲ್ಲಿ ಗುರುತ್ವಕ್ಕೆ ಬಗ್ಗದಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಒದ್ದೆ ಪದರದ ಎತ್ತರ ನಿರ್ಧಾರವಾಗುವುದು ಮಣ್ಣಿನ ಕಣದ ಗಾತ್ರದಿಂದ, ಕುಂಡದ ಎತ್ತರದಿಂದಲ್ಲ. ಕೆಳಗೆ ಕಲ್ಲು ಹಾಕಿದರೆ ಸಣ್ಣ ಕಣದ ಮಣ್ಣಿನಿಂದ ನೀರು ದೊಡ್ಡ ಸಂದಿನ ಕಲ್ಲಿಗೆ ಸುಲಭವಾಗಿ ಇಳಿಯದೆ ಒದ್ದೆ ಪದರ ಕಲ್ಲಿನ ಮೇಲಕ್ಕೆ ಏರಿ ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ. ಮಣ್ಣು ಜಾರದಿರಲು ತೂತಿನ ಮೇಲೆ ಒಂದೇ ಒಂದು ಹೆಂಚಿನ ಚೂರೋ ಸೊಳ್ಳೆಪರದೆಯ ತುಂಡೋ ಸಾಕು. ನೀರು ಬಸಿಯಬೇಕಿದ್ದರೆ ಮಣ್ಣಿನೊಳಗೇ ದಪ್ಪ ಕಣ ಬೆರೆಸಬೇಕು. ಕೆಮ್ಮಣ್ಣು ಒಂದು ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಸುಟ್ಟ ಭತ್ತದ ಹೊಟ್ಟು, ದಪ್ಪ ಮರಳು, ಕೊಕೊಪೀಟ್ ಎಲ್ಲ ಸೇರಿ ಒಂದೂವರೆ ಪಾಲು. ಮರಳೆಂದು ಎಂ-ಸ್ಯಾಂಡ್ ತಂದರೆ ಎರಡು ಮೂರು ಸಲ ತೊಳೆದು ದೂಳು ತೆಗೆಯಿರಿ. ಆ ದೂಳು ಮಣ್ಣಿನಲ್ಲಿ ಸೇರಿದರೆ ಸಿಮೆಂಟಿನ ಕೆಲಸ ಮಾಡುತ್ತದೆ.

ಹನ್ನೆರಡು ಇಂಚಿನ ಕುಂಡಕ್ಕೆ ಸುಮಾರು 14 ಲೀಟರ್ ಮಣ್ಣು ಹಿಡಿಯುತ್ತದೆ. ಬರೀ ಕೆಮ್ಮಣ್ಣಾದರೆ ನೆನೆದಾಗ ಇಪ್ಪತ್ತು ಕಿಲೋ ದಾಟುತ್ತದೆ. ರೇಲಿಂಗಿಗೆ ತೂಗುಹಾಕುವವರು ಕೆಳಗೆ ಓಡಾಡುವವರನ್ನು ನೆನೆದು ಈ ಲೆಕ್ಕ ಹಾಕಬೇಕು. ದಾಸವಾಳ, ಮಲ್ಲಿಗೆಗೆ ಈ ಅಳತೆ ಬೇಕು. ಸೇವಂತಿಗೆಗೆ ಎಂಟು ಇಂಚು ಸಾಕು. ಚಿಕ್ಕ ಗಿಡಕ್ಕೆ ಒಮ್ಮೆಲೇ ದೊಡ್ಡ ಕುಂಡ ಕೊಡುವುದು ಒಳ್ಳೆಯದಲ್ಲ, ಬೇರು ಮುಟ್ಟದ ಮಣ್ಣು ಒದ್ದೆಯಾಗೇ ಉಳಿದು ಹುಳಿಯುತ್ತದೆ. ನೀರಿಗೆ ದಿನಚರಿ ಬೇಡ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ, ತಂಪು ತಾಗದಿದ್ದರೆ ತಳದಿಂದ ಹರಿಯುವವರೆಗೂ ಹಾಕಿ, ತಾಗಿದರೆ ಬಿಡಿ. ತಳದ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಡೆಂಗಿ ಸೊಳ್ಳೆಗೆ ಆ ಒಂದು ಲೋಟ ನೀರೇ ಧಾರಾಳ.

ಕನಕಾಂಬರವೇಕೆ ಇನ್ನೂ ಬಿಡುತ್ತಿದೆ ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ಬಾಲ್ಕನಿಗೆ ದಾರಿ ತೋರಿಸುವ ಗಿಡ ಅದೇ. ಅದಕ್ಕೆ ಅರೆನೆರಳು ಒಗ್ಗುತ್ತದೆ. ನೀವು ತಂದದ್ದು ಕಿತ್ತಳೆ ಬಣ್ಣದ, ದಪ್ಪ ಎಲೆಯ ದೆಹಲಿ ಕನಕಾಂಬರವಾದರೆ ಬೀಜಕ್ಕೆ ಕಾಯಬೇಡಿ. ಅದರ ವರ್ಣತಂತುಗಳು ಎರಡರ ಬದಲು ಮೂರು ಗಣಗಳಾಗಿದ್ದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಹೆಚ್ಚಿಸಬೇಕು. ಬೀಜದ ಚಿಂತೆಯಿಲ್ಲದ್ದಕ್ಕೋ ಏನೋ ಹೂವೂ ಧಾರಾಳ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಅಂಬರ, ಅರ್ಕಾ ಕನಕ ತಳಿಗಳೂ ಇವೆ. ಒಣಗಿದ ತೆನೆಯನ್ನು ಬುಡಕ್ಕೆ ಕತ್ತರಿಸುತ್ತಿರಿ.

ಈ ನೆರಳಿನ ತಿಂಗಳುಗಳಿಗೆ ಅದರ ಜೊತೆ ಬೆಗೋನಿಯಾ, ಟೊರೇನಿಯಾ, ನೆರಳು ಸಹಿಸುವ ಇಂಪೇಷನ್ಸ್, ಆಂಥೂರಿಯಂ ತನ್ನಿ. ಬ್ರಹ್ಮಕಮಲದ ಒಂದು ಎಲೆ ಯಾರ ಮನೆಯಿಂದಲಾದರೂ ಕೇಳಿ ಪಡೆಯಿರಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಬಿಟ್ಟು ಮನೆಗೆ ಇದೆ. ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಪಾಪಾಸುಕಳ್ಳಿಯ ಜಾತಿ ಅದು. ಕುಂಡ ಚಿಕ್ಕದಿದ್ದಷ್ಟೂ ಸಂತೋಷ, ಎಲೆಗೊಬ್ಬರದಂಥ ಹಗುರ ಮಣ್ಣು ಸಾಕು, ನೇರ ಬಿಸಿಲು ಬೇಡ, ಮಳೆಗಾಲದಲ್ಲೇ ಮೊಗ್ಗು. ನಿಮ್ಮ ಬಾಲ್ಕನಿಯ ಜೂನ್–ಆಗಸ್ಟ್‌ಗೆ ಇದಕ್ಕಿಂತ ಹೊಂದುವ ಹೂ ಇನ್ನೊಂದಿಲ್ಲ.

ದಾಸವಾಳ, ಮಲ್ಲಿಗೆಗಳನ್ನು ಅಪಾರ್ಟ್‌ಮೆಂಟಿನ ತಾರಸಿಗೆ ಒಯ್ಯಲು ಸಂಘದವರು ಒಪ್ಪಿದರೆ ಈ ವಾರವೇ ಒಯ್ಯಿರಿ. ಒಮ್ಮೆಲೇ ಬಿಸಿಲಿಗಿಟ್ಟರೆ ನೆರಳಲ್ಲಿ ಬೆಳೆದ ಎಲೆ ಸುಡುತ್ತದೆ, ಮೊದಲ ವಾರ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಅರ್ಧ ಹೊತ್ತಿನ ಬಿಸಿಲು ಸಾಕು. ಹಿಂಡಿ ನೀರನ್ನು ತಿಂಗಳಿಗೊಮ್ಮೆಗೆ ಇಳಿಸಿ, ಅದೂ ಹೊಸ ಚಿಗುರು ಬಂದ ಮೇಲೆ. ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ ಒಂದು ಗ್ರಾಂನಂತೆ ಹದಿನೈದು ದಿನಕ್ಕೊಮ್ಮೆ ಕೊಡಬಹುದು. ಕೊಕೊಪೀಟ್‌ನಲ್ಲಿ ತಾನಾಗಿ ಆಹಾರವಿಲ್ಲ ಎಂಬುದನ್ನು ಅದನ್ನೇ ಬಳಸುವವರು ಮರೆಯುತ್ತಾರೆ. ತಾರಸಿ ಸಿಗದಿದ್ದರೆ ಆ ಎರಡನ್ನು ಅಂಗಳವಿರುವ ಯಾರಿಗಾದರೂ ಕೊಟ್ಟುಬಿಡುವುದು ಮೇಲು.

ಸೂರ್ಯ ನಿಮ್ಮ ಕಡೆ ಮತ್ತೆ ವಾಲುವುದು ಆಗಸ್ಟ್ ಕೊನೆಯಿಂದ, ಕುಂಡಕ್ಕೆ ತಾಗುವಷ್ಟು ಒಳಬರುವುದು ಅಕ್ಟೋಬರ್‌ಗೆ. ಆ ಹೊತ್ತಿಗೆ ಪೆಟೂನಿಯಾ ಬೇಕೆನಿಸಿದರೆ ಸಿದ್ದಾಪುರದ ನರ್ಸರಿಗಳಿಗೋ ಲಾಲ್‌ಬಾಗಿನೊಳಗಿನ ನರ್ಸರಿ ಸಹಕಾರ ಸಂಘದ ಮಳಿಗೆಗೋ ಹೋಗಿ ಹೂವಿಲ್ಲದ ಸಸಿಯನ್ನೇ ಕೇಳಿ ತನ್ನಿ. ಅಂಗಡಿಯವರು ಹೂ ಇರುವುದನ್ನೇ ಮುಂದೆ ಮಾಡುತ್ತಾರೆ, ಅದಕ್ಕೇ ಬೆಲೆ ಹೆಚ್ಚು. ನೀವು ಹಿಂದಿನ ಸಾಲಿನಲ್ಲಿರುವ, ನಾಲ್ಕು ಕವಲೊಡೆದು ಇನ್ನೂ ಮೊಗ್ಗು ಕಾಣದ ಕುಳ್ಳ ಗಿಡ ಆರಿಸಿ. ಕವರನ್ನು ಎತ್ತಿ ತಳ ನೋಡಿ. ಬೇರು ತೂತಿನಿಂದ ಹೊರಬಂದು ನೆಲ ಹಿಡಿದಿದ್ದರೆ ಅದನ್ನು ಬಿಟ್ಟು ಪಕ್ಕದ್ದು ತೆಗೆದುಕೊಳ್ಳಿ.